ಅಂಬಾಸಿಡರ್ ಸ್ಟಾರ್ಟ್ ಆಗುತ್ತಿಲ್ಲವೇ? ಮೊದಲು ಕಾರ್ಬ್ಯುರೇಟರ್‌ನಿಂದ ಕೈ ತೆಗೆಯಿರಿ

ಹಳೆಯ ಅಂಬಾಸಿಡರ್ ಕೊಂಡ ಹೊಸಬರು ಎಂಜಿನ್ ಹಟ ಹಿಡಿದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಹೋಗುವುದು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಹತ್ತಿರ. ಅದು ಕಣ್ಣೆದುರೇ ಇದೆ, ತಿರುಗಿಸಲು ಸ್ಕ್ರೂಗಳಿವೆ, ತಿರುಗಿಸುತ್ತಾರೆ. ಅರ್ಧ ಗಂಟೆಯಲ್ಲಿ ಸರಿಯಾಗಿದ್ದ ಸೆಟ್ಟಿಂಗ್ ಕೆಟ್ಟಿರುತ್ತದೆ, ಮೂಲ ದೋಷ ಇದ್ದಲ್ಲೇ ಇರುತ್ತದೆ. ‘ಕಾರ್ಬ್ಯುರೇಟರ್ ಕಂಪ್ಲೇಂಟ್’ ಎಂದು ಗ್ಯಾರೇಜಿಗೆ ಬರುವ ಹಳೇ ಗಾಡಿಗಳಲ್ಲಿ ಬಹಳಷ್ಟಕ್ಕೆ ರೋಗ ಇರುವುದು ಕರೆಂಟಿನಲ್ಲಿ. ಹಾಗಾಗಿ ನೋಡುವ ಕ್ರಮ ಹೀಗಿರಲಿ: ಬ್ಯಾಟರಿ, ಕಿಡಿ, ಪೆಟ್ರೋಲ್, ಕೊನೆಗೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ).

ಇಲ್ಲಿ ಹೇಳುತ್ತಿರುವುದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಂಶದ 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ. ಡೀಸೆಲ್ ಗಾಡಿಗೂ ಇಸುಜು ಎಂಜಿನ್ನಿನ 1800ಕ್ಕೂ ಈ ಅಳತೆಗಳು ಹೊಂದುವುದಿಲ್ಲ. ಬೇಕಾದ ಸಾಮಾನು ಕಡಿಮೆ: ಪ್ಲಗ್ ಸ್ಪಾನರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡುಗಳು), 12 ವೋಲ್ಟ್ ಟೆಸ್ಟ್ ಲ್ಯಾಂಪ್, ಅಗ್ಗದ ಮಲ್ಟಿಮೀಟರ್ ಒಂದು, ಬರೆದುಕೊಳ್ಳಲು ಪುಸ್ತಕ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ನಾಲ್ಕು ಹೊಸ ಪಾರ್ಟು ಒಟ್ಟಿಗೆ ಹಾಕಿದರೆ ಗಾಡಿ ಓಡಿದರೂ ಯಾವುದರಿಂದ ಓಡಿತು ಎನ್ನುವುದು ತಿಳಿಯುವುದಿಲ್ಲ.

ಹಂತ 1: ಬ್ಯಾಟರಿ ಮತ್ತು ಅರ್ಥ್

ಸುಮ್ಮನಿರುವ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಚಾರ್ಜ್ ಮಾಡಿಸಿ, ಉಳಿದದ್ದು ಆಮೇಲೆ. ಬ್ಯಾಟರಿ ಗಟ್ಟಿಯಿದ್ದೂ ಸೆಲ್ಫ್ ನರಳುತ್ತಿದೆಯೇ? ಹಾಗಿದ್ದರೆ ಎಂಜಿನ್ನಿನಿಂದ ಗಾಡಿಯ ಮೈಗೆ ಬರುವ ಅರ್ಥ್ ಪಟ್ಟಿ ನೋಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಕರೆಂಟ್ ವಾಪಸು ಬರಲು ಈ ಪಟ್ಟಿಯೇ ದಾರಿ. ಅದು ತುಂಡಾದರೆ ಕರೆಂಟ್ ಚೋಕ್ ಕೇಬಲ್ ಹಿಡಿದು ಬರುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿ ನೋಡಿ: ಬಿಸಿಯಾಗಿದ್ದರೆ ಕಳ್ಳ ಸಿಕ್ಕಂತೆಯೇ.

ಹಂತ 2: ಕಿಡಿ

ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಮೊದಲು ಹತ್ತಿರದಲ್ಲಿ ಪೆಟ್ರೋಲ್ ಸೋರಿಕೆ, ಹಸಿ ಬಟ್ಟೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಕಿಡಿಯ ವೋಲ್ಟೇಜ್ ಏರಿಸುವುದು ಕಾಯಿಲ್, ಅದನ್ನು ಪ್ಲಗ್‌ಗಳಿಗೆ ಸರದಿಯಂತೆ ಹಂಚುವುದು ಡಿಸ್ಟ್ರಿಬ್ಯೂಟರ್ (ಮೆಕ್ಯಾನಿಕ್‌ಗಳ ಬಾಯಲ್ಲಿ ಡೆಲ್ಕೊ). ಡೆಲ್ಕೊ ಕ್ಯಾಪಿನ ನಡುವೆ ಬರುವ ಕಾಯಿಲ್ ವೈರನ್ನು ಎಳೆದು, ಅದರ ತುದಿಯನ್ನು ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ಎಂಜಿನ್ ಬ್ಲಾಕಿಗೆ 6 ಮಿ.ಮೀ. ದೂರದಲ್ಲಿಡಿ. ಕ್ಯಾಪ್ ತೆಗೆದು, ಪಾಯಿಂಟ್ (ಕಾಯಿಲ್ ಕರೆಂಟನ್ನು ಕೂಡಿಸಿ ಬಿಡಿಸುವ ಸಣ್ಣ ಸ್ವಿಚ್) ಮುಚ್ಚಿರುವಂತೆ ಎಂಜಿನ್ ತಿರುಗಿಸಿ, ಇಗ್ನಿಷನ್ ಆನ್ ಮಾಡಿ, ಮರದ ಕಡ್ಡಿಯಿಂದ ಪಾಯಿಂಟ್ ಬಿಡಿಸಿ. ಪ್ರತಿ ಸಲ ‘ಟಪ್’ ಎಂದು ನೀಲಿ ಕಿಡಿ ಹಾರಬೇಕು. ಕಿಡಿ ತೆಳ್ಳಗೆ ಹಳದಿಯಾಗಿದ್ದರೆ ಕಂಡೆನ್ಸರ್ ಅಥವಾ ಕಾಯಿಲ್ ಮೇಲೆ ಅನುಮಾನ. ಕಿಡಿಯೇ ಇಲ್ಲದಿದ್ದರೆ ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ.

ಲ್ಯಾಂಪಿನ ಒಂದು ತುದಿ ಅರ್ಥಿಗೆ, ಇನ್ನೊಂದು ಕಾಯಿಲ್‌ನಿಂದ ಡೆಲ್ಕೊಗೆ ಹೋಗುವ ಟರ್ಮಿನಲ್ಲಿಗೆ (‘ಸಿಬಿ’ ಎಂಬ ಗುರುತಿರುತ್ತದೆ). ಎಂಜಿನ್ ತಿರುಗಿದಂತೆ ಲ್ಯಾಂಪ್ ಹತ್ತಿ ಆರಬೇಕು. ಹತ್ತಿಯೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ ಅಥವಾ ಕೊಳೆಯಾಗಿದೆ. ಹತ್ತಲೇ ಇಲ್ಲವೆಂದರೆ ಕಾಯಿಲ್‌ನ ಇನ್ನೊಂದು ಟರ್ಮಿನಲ್ ನೋಡಿ. ಅಲ್ಲಿ ಕರೆಂಟ್ ಇದ್ದರೆ ಹೆಚ್ಚಾಗಿ ಡೆಲ್ಕೊ ಒಳಗೆ ಎಲ್ಲೋ ಶಾರ್ಟ್ ಆಗಿದೆ. ಸಿಬಿ ವೈರನ್ನು ಕಾಯಿಲ್‌ನಿಂದ ಬಿಡಿಸಿದಾಗ ಲ್ಯಾಂಪ್ ಹತ್ತಿದರೆ ಅದು ಖಚಿತ. ಆಗಲೂ ಹತ್ತದಿದ್ದರೆ ಕಾಯಿಲ್ ಒಳಗೇ ತುಂಡಾಗಿದೆ.

ಹೊಸ ಪಾಯಿಂಟ್ ಹಾಕಿದ ಮರುಕ್ಷಣ ಸತ್ತುಹೋದ ಗಾಡಿಯಲ್ಲಿ ಈ ಶಾರ್ಟ್ ಇರುವ ಜಾಗ ಒಂದೇ. ಪಾಯಿಂಟಿನ ಸ್ಪ್ರಿಂಗ್ ಕೂರುವ ಸಣ್ಣ ಕಂಬಕ್ಕೆ ಕರೆಂಟ್ ತಡೆಯುವ ಒಂದು ನೈಲಾನ್ ಬುಷ್ (ಸಣ್ಣ ಕೊಳವೆ) ಇದೆ. ಸ್ಪ್ರಿಂಗಿನ ಕಣ್ಣು, ಕಂಡೆನ್ಸರ್ ವೈರ್, ಕಾಯಿಲ್‌ನಿಂದ ಬರುವ ವೈರ್, ಈ ಮೂರೂ ಬುಷ್‌ನ ಹೊರಮೈಗೆ ಸೇರಿ ಒಂದಕ್ಕೊಂದು ತಾಗಿರಬೇಕು. ಕಂಬಕ್ಕಾಗಲಿ ನಟ್ಟಿಗಾಗಲಿ ತಾಗಬಾರದು. ಒಂದು ವಾಷರ್ ಹಿಂದುಮುಂದಾದರೂ ಕರೆಂಟೆಲ್ಲ ಅರ್ಥಿಗೆ ಹೋಗುತ್ತದೆ. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ ತೆಗೆದರೆ ಸಾಕು, ಯಾರೂ ತೆಗೆಯುವುದಿಲ್ಲ. ಅಲ್ಲೇ ಒಳಗಿರುವ ಬಟ್ಟೆ ಹೊದಿಕೆಯ ಮೆತ್ತನೆಯ ವೈರನ್ನೂ ಮೆಲ್ಲಗೆ ಎಳೆದು ನೋಡಿ. ಪಾಯಿಂಟ್ ಕೂತಿರುವ ಪ್ಲೇಟ್ ಅಲ್ಲಾಡಿ ಅಲ್ಲಾಡಿ ತಾಮ್ರದ ಎಳೆ ಒಳಗೇ ತುಂಡಾಗಿರುತ್ತದೆ, ಹೊರಗೆ ಬಟ್ಟೆ ಮಾತ್ರ ಹಿಡಿದುಕೊಂಡಿರುತ್ತದೆ.

ಗ್ಯಾಪ್ ಇಡುವುದು: ಪ್ಲಗ್‌ಗಳನ್ನು ಬಿಚ್ಚಿ, ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಮೆಲ್ಲಗೆ ತಳ್ಳಿ. ಪಾಯಿಂಟಿನ ಫೈಬರ್ ಹಿಮ್ಮಡಿ ಡೆಲ್ಕೊ ನಡುವೆ ತಿರುಗುವ ನಾಲ್ಕು ಮೂಲೆಯ ಕ್ಯಾಮಿನ ಒಂದು ಮೂಲೆಯ ತುದಿಗೆ ಬಂದು ಪಾಯಿಂಟ್ ಪೂರ್ತಿ ತೆರೆದಾಗ ನಿಲ್ಲಿಸಿ. ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಫೀಲರ್ ಬ್ಲೇಡನ್ನು ಪೆಟ್ರೋಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿಯೇ ತೂರಿಸಿ. ಬ್ಲೇಡಿನ ಎಣ್ಣೆ ಪಾಯಿಂಟಿಗೆ ಹತ್ತಿದರೆ ಅದು ಸುಟ್ಟು ಕರಿ ಪದರವಾಗುತ್ತದೆ. ಹಳೇ ಪಾಯಿಂಟಿನಲ್ಲಿ ಒಂದು ಕಡೆ ಗುಬುಟು, ಇನ್ನೊಂದು ಕಡೆ ಗುಳಿ ಬಿದ್ದಿದ್ದರೆ ಬ್ಲೇಡು ಸುಳ್ಳು ಹೇಳುತ್ತದೆ: ಅದು ಗುಬುಟಿನ ತುದಿಯಿಂದ ಗುಳಿಯ ಅಂಚಿನವರೆಗೆ ಅಳೆಯುತ್ತದೆ, ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚು. ಅಂಥ ಪಾಯಿಂಟ್ ಬದಲಿಸಿ. ಎಮರಿ ಪೇಪರಿನಿಂದ ಉಜ್ಜುವ ಚಾಳಿ ಬಿಡಿ, ಅದರ ಹರಳು ಲೋಹದಲ್ಲಿ ಕೂತು ಮತ್ತೆ ಕಿಡಿ ಎಬ್ಬಿಸುತ್ತದೆ. ಕ್ಯಾಮಿಗೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಸವರಿ. ಹಚ್ಚದಿದ್ದರೆ ಫೈಬರ್ ಸವೆದು ಗ್ಯಾಪ್ ತಾನಾಗಿ ಮುಚ್ಚುತ್ತದೆ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಗಳಿಗೆ) ಬದಲಾಗುತ್ತದೆ, ಆದ್ದರಿಂದ ಟೈಮಿಂಗ್ ನೋಡುವುದು ಯಾವಾಗಲೂ ಗ್ಯಾಪ್ ಆದಮೇಲೆ.

ಈಗ ಕಂಡೆನ್ಸರ್. ಪಾಯಿಂಟ್ ಬಿಡುವಾಗ ಅದರ ನಡುವೆ ಕಿಡಿ ಹಾರದಂತೆ ಹೀರಿಕೊಂಡು, ಕಾಯಿಲ್‌ನ ಅಯಸ್ಕಾಂತ ಕ್ಷೇತ್ರ ತಟ್ಟನೆ ಕುಸಿಯುವಂತೆ ಮಾಡುವುದು ಇದರ ಕೆಲಸ. ಕೆಟ್ಟರೆ ಪಾಯಿಂಟಿನಲ್ಲೇ ದಪ್ಪ ಕಿಡಿ ಕಾಣುತ್ತದೆ, ಪ್ಲಗ್ಗಿಗೆ ಹೋಗುವ ಕಿಡಿ ಬಡವಾಗುತ್ತದೆ, ವಾರದಲ್ಲಿ ಹೊಸ ಪಾಯಿಂಟೂ ಕಪ್ಪಾಗುತ್ತದೆ. ಬೇಜಾರಿನ ಸಂಗತಿಯೆಂದರೆ ಈಗ ಪೊಟ್ಟಣದಲ್ಲಿ ಸಿಗುವ ಎಷ್ಟೋ ಹೊಸ ಕಂಡೆನ್ಸರ್‌ಗಳು ಹುಟ್ಟುತ್ತಲೇ ಸತ್ತಿರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೊಳ್ಳುವಾಗ ಎರಡು ಕೊಳ್ಳಿ. ಕೆಲಸ ಮಾಡುತ್ತಿರುವ ಹಳೆಯದನ್ನು ‘ಹೇಗೂ ಹಳೇದು’ ಎಂದು ಎಸೆಯಬೇಡಿ, ಡ್ಯಾಷ್‌ಬೋರ್ಡಿನಲ್ಲಿಡಿ. ಪರೀಕ್ಷೆ ಸುಲಭ: ಗಾಡಿಯಲ್ಲಿರುವ ಕಂಡೆನ್ಸರಿನ ವೈರ್ ಬಿಡಿಸಿ, ಚೆನ್ನಾಗಿರುವುದರ ವೈರನ್ನು ಕಾಯಿಲ್‌ನ ಸಿಬಿ ಟರ್ಮಿನಲ್ಲಿಗೆ, ಅದರ ಮೈಯನ್ನು ಅರ್ಥಿಗೆ ಕ್ಲಿಪ್ ಮಾಡಿ. ಎಂಜಿನ್ ನೆಟ್ಟಗಾದರೆ ತೀರ್ಪು ಬಂದಂತೆ.

ಘಾಟಿ ಹತ್ತುವಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುವ ಗಾಡಿಗೆ ಎಲ್ಲರೂ ‘ವೇಪರ್ ಲಾಕ್’ (ಬಿಸಿಗೆ ಪೆಟ್ರೋಲ್ ಆವಿಯಾಗಿ ಪೈಪ್ ಕಟ್ಟುವುದು) ಎಂದು ಹೇಳಿ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಾರೆ. ಬಟ್ಟೆ ಸುತ್ತಿ ಕಾಯುವಷ್ಟರಲ್ಲಿ ಕಾಯಿಲೂ ತಣಿದಿರುತ್ತದೆ, ಹಾಗಾಗಿ ಬಟ್ಟೆಗೆ ಹೆಸರು ಬರುತ್ತದೆ. ನಿಂತ ಆ ನಿಮಿಷದಲ್ಲೇ ಕಿಡಿ ನೋಡಿ. ಕಿಡಿ ಬಡವಾಗಿದ್ದರೆ ಕಾಯಿಲ್ ಅಥವಾ ಕಂಡೆನ್ಸರ್, ಗಟ್ಟಿಯಿದ್ದರೆ ಪೆಟ್ರೋಲ್. ತಣ್ಣಗಿರುವ ಕಾಯಿಲ್‌ನ ಪ್ರೈಮರಿ (ಬ್ಯಾಟರಿ ಕರೆಂಟ್ ಹರಿಯುವ ಸುರುಳಿ) ಸುಮಾರು 3 ಓಮ್ ತೋರಿಸುತ್ತದೆ, ಆದರೆ ಬಿಸಿಯಲ್ಲಿ ಕೆಡುವ ಕಾಯಿಲ್ ತಣ್ಣಗಿದ್ದಾಗ ಸಾಚಾ ಆಗಿಯೇ ಕಾಣುತ್ತದೆ.

ಕಾಯಿಲ್ ವೈರಿನಲ್ಲಿ ಕಿಡಿ ಇದ್ದು ಪ್ಲಗ್ಗಿನಲ್ಲಿ ಇಲ್ಲವೆಂದರೆ ರೋಟರ್ (ಕ್ಯಾಪಿನೊಳಗೆ ತಿರುಗಿ ಕಿಡಿ ಹಂಚುವ ತುಂಡು) ಅಥವಾ ಕ್ಯಾಪ್. ಕಾಯಿಲ್ ವೈರನ್ನು ರೋಟರಿನ ತಗಡಿನ ಹತ್ತಿರ ಹಿಡಿದು ಪಾಯಿಂಟ್ ಬಿಡಿಸಿ. ಪ್ರತಿ ಸಲ ಗಟ್ಟಿ ಕಿಡಿ ಅದಕ್ಕೆ ಹಾರುತ್ತಿದ್ದರೆ ರೋಟರ್ ಒಳಗಿಂದ ಶಾಫ್ಟಿಗೆ ಲೀಕ್ ಆಗುತ್ತಿದೆ. ಕ್ಯಾಪಿನ ಒಳಗೆ ಪೆನ್ಸಿಲ್ ಗೀಟಿನಂಥ ಕರಿ ಎಳೆ ಕಂಡರೆ ಅದೂ ಹೋಯಿತು. ಪ್ಲಗ್ ಗ್ಯಾಪ್ 0.6 ಮಿ.ಮೀ. ಪ್ಲಗ್ ವೈರುಗಳನ್ನು ಒಟ್ಟಿಗೆ ಕೀಳಬೇಡಿ. ಕಿತ್ತು ಗೊಂದಲವಾಗಿದ್ದರೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) 1-3-4-2, ರೋಟರ್ ತಿರುಗುವುದು ಗಡಿಯಾರಕ್ಕೆ ಉಲ್ಟಾ.

ಹಂತ 3: ಪೆಟ್ರೋಲ್

ಕಾಯಿಲ್ ವೈರ್ ಕಿತ್ತು ಅರ್ಥ್ ಮಾಡಿ. ಕಾರ್ಬ್ಯುರೇಟರಿಗೆ ಬರುವ ಪೈಪ್ ಬಿಡಿಸಿ ಬಾಟಲಿಯೊಳಗಿಟ್ಟು ಸೆಲ್ಫ್ ಹೊಡೆಯಿರಿ. ಪಿಚಕಾರಿಯಂತೆ ಬಿಟ್ಟು ಬಿಟ್ಟು ಚಿಮ್ಮಬೇಕು. ಬರದಿದ್ದರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ: ‘ಸುಯ್’ ಎಂದು ಗಾಳಿ ಎಳೆದುಕೊಂಡರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಇಲ್ಲವಾದರೆ ಪಂಪಿನ ಡಯಾಫ್ರಮ್ (ಒಳಗಿನ ಪೊರೆ). ಎಂಜಿನ್ ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಡಯಾಫ್ರಮ್ ಹರಿದಿದೆ ಎಂದು ತಿಳಿಯಿರಿ. ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಬೇಡಿ. ಈಗಿನ ಬಂಕುಗಳ 20 ಶೇಕಡ ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ. ಎಥನಾಲ್ ತಡೆಯುವ ಹೋಸ್ ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಪೆಟ್ರೋಲ್ ಉಳಿಸಬೇಡಿ.

ಇಷ್ಟೆಲ್ಲ ಆದಮೇಲೆ ಕಾರ್ಬ್ಯುರೇಟರ್. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಾಗುವವರೆಗೆ ತಿರುಗಿಸಿ ಎಷ್ಟು ಸುತ್ತು ಎಂದು ಬರೆದುಕೊಂಡು, ಅಷ್ಟೇ ವಾಪಸು ತಿರುಗಿಸಿ. ಪೆಟ್ರೋಲ್ ಹಾಯುವ ಸಣ್ಣ ಜೆಟ್‌ಗೆ ಗುಂಡುಸೂಜಿ ಹಾಕಿ ಚುಚ್ಚಿದರೆ ತೂತು ದೊಡ್ಡದಾಗಿ ಮೈಲೇಜ್ ಹೋಗುತ್ತದೆ, ಗಾಳಿಯಲ್ಲಿ ಊದಿ.

ಹಂತ 4: ಕಂಪ್ರೆಷನ್

ಬಿಸಿ ಎಂಜಿನ್, ನಾಲ್ಕೂ ಪ್ಲಗ್ ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್ ಗೇಜ್ ಹಾಕಿ ಸೆಲ್ಫ್ ಹೊಡೆಯಿರಿ. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಒಂದು ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ವಾಲ್ವ್ ಎಂದು ಬಂದರೂ ಹೆಡ್ ಬಿಚ್ಚಲು ಒಪ್ಪುವ ಮುಂಚೆ ಟ್ಯಾಪೆಟ್ ಅಳತೆ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ನೋಡಿಸಿ. ಬಿಸಿಯಲ್ಲಿ 0.38 ಮಿ.ಮೀ. ಇರಬೇಕಾದ ಗ್ಯಾಪ್ ಮುಚ್ಚಿಹೋಗಿದ್ದರೆ ವಾಲ್ವ್ ಪೂರ್ತಿ ಕೂರದೆ ಇದೇ ಲಕ್ಷಣ ತೋರಿಸುತ್ತದೆ. ನೋಡುವುದೂ ಸುಲಭ, ಲೆಕ್ಕ 9ರದ್ದು (ತೆರೆದ ವಾಲ್ವ್ ಮತ್ತು ಅಳೆಯುವ ವಾಲ್ವಿನ ನಂಬರ್ ಕೂಡಿದರೆ 9): 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು, 7ನೆಯದು ತೆರೆದಾಗ 2ನೆಯದನ್ನು, ಹೀಗೆ ಎಂಟನ್ನೂ ಅಳೆಯಿರಿ.