ಹಿಮವಿಲ್ಲದ ಊರಿನ ಕ್ರಿಸ್‌ಮಸ್ ಮರ: ಈ ಡಿಸೆಂಬರಿಗೆ ಮೂರು ಥೀಮ್

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಅವರೆಕಾಯಿ ರಾಶಿ. ಕೊಡಗು, ಚಿಕ್ಕಮಗಳೂರಿನಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು. ಮಂಗಳೂರಿನ ಮನೆಗಳ ಮುಂದೆ ಕಾಗದದ ನಕ್ಷತ್ರ. ಅಂಗಡಿಗೆ ಹೋದರೆ ಮಾತ್ರ ಎಲ್ಲೆಲ್ಲೂ ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ಹಿಮಮಾನವ.

ಚಿಕ್ಕವರಿದ್ದಾಗ ನಾವೂ ಮರಕ್ಕೆ ಹತ್ತಿ ಅಂಟಿಸಿದವರೇ. ಅದರ ಖುಷಿಯೇ ಬೇರೆ. ಆದರೆ ನಮ್ಮ ಡಿಸೆಂಬರಿಗೂ ಅದರದ್ದೇ ಬಣ್ಣ ಇದೆ, ವಾಸನೆ ಇದೆ ಅಲ್ವಾ? ಕೆಲವು ವರ್ಷಗಳಿಂದ ನಾನು ಮರದ ಥೀಮನ್ನು ಅಲ್ಲಿಂದಲೇ ಆರಿಸುತ್ತಿದ್ದೇನೆ. ಇದು ಹೊಸ ವಿಚಾರವೇನಲ್ಲ. ಮರ ಸಿಂಗರಿಸುವ ಪದ್ಧತಿ ಬೆಳೆದದ್ದು ಜರ್ಮನ್ ಮಾತಾಡುವ ಜನರ ನಡುವೆ. 1605ರಲ್ಲಿ ಸ್ಟ್ರಾಸ್‌ಬರ್ಗಿನ ಮನೆಗಳಲ್ಲಿ ಮರಕ್ಕೆ ಕಾಗದದ ಗುಲಾಬಿ, ಸೇಬು, ತೆಳುವಾದ ಬಿಲ್ಲೆ, ಸಕ್ಕರೆ ಮಿಠಾಯಿ ಕಟ್ಟುತ್ತಿದ್ದರು ಎಂದು ಒಬ್ಬರು ಬರೆದಿಟ್ಟಿದ್ದಾರೆ. ಚಳಿಗಾಲದಲ್ಲಿ ಮನೆಯಲ್ಲಿ ಏನಿತ್ತೋ ಅದನ್ನೇ ಕಟ್ಟಿದರು. ಗಾಜಿನ ಚೆಂಡುಗಳು ಬಂದದ್ದು ಎಷ್ಟೋ ಕಾಲದ ನಂತರ. ನಾವೂ ಹಾಗೇ ಮಾಡೋಣ.

ಮೊದಲು ಮರ

ಪ್ಲಾಸ್ಟಿಕ್ ಮರವಾದರೆ 5 ಅಡಿಯದ್ದು ಸಾಮಾನ್ಯ ಹಾಲ್‌ಗೆ ಸಾಕು. ಡಬ್ಬದಿಂದ ತೆಗೆದಾಗ ಅದು ಮುದುರಿಕೊಂಡಿರುತ್ತದೆ. ಕೊಂಬೆ ಬಿಡಿಸುವುದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಕೆಳಗಿನ ಸುತ್ತಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಪ್ರತಿ ಕೊಂಬೆಯಲ್ಲೂ ಒಂದು ಕಡ್ಡಿ ನೇರ, ಒಂದು ಮೇಲಕ್ಕೆ, ಉಳಿದವು ಎಡ ಬಲಕ್ಕೆ. ನಡುವಿನ ಕಂಬಿ ಕಾಣಬಾರದು. ಮರ ಬಡವಾಗಿ ಕಾಣಲು ಮುಖ್ಯ ಕಾರಣ ಈ ಅರ್ಧ ಗಂಟೆಯನ್ನು ಉಳಿಸುವುದೇ.

ಜೀವಂತ ಗಿಡ ಬೇಕೆಂದರೆ ನರ್ಸರಿಗಳಲ್ಲಿ ಕುಂಡದ ಅರಕೇರಿಯಾ ಸಿಗುತ್ತದೆ. ಅದರ ಕೊಂಬೆಗಳು ಅಂತಸ್ತು ಅಂತಸ್ತಾಗಿ, ನಡುವೆ ಜಾಗ ಬಿಟ್ಟು ಬೆಳೆಯುತ್ತವೆ. ನೋಡಲು ತುಂಬಾ ಚೆಂದ, ಆದರೆ ಭಾರ ತಡೆಯುವುದಿಲ್ಲ. ಕಾಗದ, ಹುಲ್ಲು, ಒಣಹಣ್ಣಿನಂಥ ಹಗುರವಾದದ್ದು ಮಾತ್ರ ಹಾಕಿ. ಕಿಟಕಿ ಹತ್ತಿರ ಇಡಿ, ನೀರು ಮರೆಯಬೇಡಿ. ಹಬ್ಬ ಮುಗಿದ ಮೇಲೆ ಹೊರಗೆ ಮೊದಲು ನೆರಳಿಗೆ, ಆಮೇಲೆ ಬಿಸಿಲಿಗೆ. ನಮ್ಮ ಕಡೆ ಗಾಳಿಮರದ ಕೊಂಬೆಯನ್ನು ಮರಳು ತುಂಬಿದ ಬಕೆಟ್‌ನಲ್ಲಿ ನೆಡುವವರೂ ಇದ್ದಾರೆ. ಅದರ ತೆಳುವಾದ ಎಳೆಗಳ ಮೇಲೆ ದೀಪ ಬಿದ್ದಾಗಿನ ಅಂದ ಯಾವ ಪ್ಲಾಸ್ಟಿಕ್ ಮರಕ್ಕೂ ಬರುವುದಿಲ್ಲ. ಆದರೆ ಕೆಲವೇ ದಿನಗಳಲ್ಲಿ ಒಣಗುತ್ತದೆ. ಹಬ್ಬಕ್ಕೆ ಎರಡು ದಿನ ಇರುವಾಗ ತಂದರೆ ಸಾಕು.

ದೀಪ ಹಾಕದೆ ಬೇರೇನೂ ಹಾಕಬೇಡಿ

ಒಂದು ವರ್ಷ ನಾನು ಎಲ್ಲ ಮುಗಿಸಿ ಕೊನೆಗೆ ಸೀರಿಯಲ್ ಸೆಟ್ ಸುತ್ತಲು ಹೋದೆ. ವೈರ್ ಸಿಕ್ಕಿಕೊಂಡು ಅಮ್ಮನ ಕಾಲದ ಎರಡು ಗಾಜಿನ ಚೆಂಡು ಒಡೆದವು. ಆ ಬೇಸರ ಇನ್ನೂ ಇದೆ. ಅದಕ್ಕೇ ಹೇಳುವುದು, ದೀಪ ಮೊದಲು.

ಸುತ್ತುವ ಮುಂಚೆ ನೆಲದ ಮೇಲೆ ಹರಡಿ ಹತ್ತು ನಿಮಿಷ ಉರಿಸಿ ನೋಡಿ. ವೈರ್ ಎಲ್ಲಾದರೂ ಸುಲಿದಿದ್ದರೆ ಆ ಸೆಟ್ ಬೇಡ. ಚಿಕ್ಕ ಬಲ್ಬ್‌ಗಳಾದರೆ ಮರದ ಒಂದು ಅಡಿಗೆ 100 ಬಲ್ಬ್ ಎಂಬ ಲೆಕ್ಕವಿದೆ. ನನಗೆ ಅದು ಜಾಸ್ತಿ ಅನ್ನಿಸುತ್ತದೆ. 5 ಅಡಿ ಮರಕ್ಕೆ 300 ಇದ್ದರೂ ತುಂಬಿಕೊಂಡೇ ಕಾಣುತ್ತದೆ. ಬುಡದಿಂದ ಶುರುಮಾಡಿ, ಪ್ರತಿ ಕೊಂಬೆಯ ಮೇಲೆ ಕಂಬಿಯ ಹತ್ತಿರದಿಂದ ತುದಿಯವರೆಗೆ ಹೋಗಿ ಮತ್ತೆ ಒಳಗೆ ಬನ್ನಿ. ಸುಮ್ನೆ ಹೊರಗಿನಿಂದ ಸುತ್ತಿದರೆ ಮರಕ್ಕೆ ಹಗ್ಗ ಕಟ್ಟಿದ ಹಾಗೆ ಕಾಣುತ್ತದೆ. ಒಳಗಿನ ದೀಪವೇ ಮರಕ್ಕೆ ಆಳ ಕೊಡುವುದು.

ಬಣ್ಣದ ವಿಷಯದಲ್ಲಿ ನನ್ನ ಮಾತು ಗಟ್ಟಿ: ಕೆಳಗಿನ ಮೂರು ಥೀಮಿಗೂ ಹಳದಿ ಛಾಯೆಯ ಬೆಳಕೇ ಸರಿ. ಮಿಣುಕುವ ಬಣ್ಣದ ದೀಪ ಹಾಕಿದರೆ ಮರದ ಮೇಲಿನ ಬಣ್ಣ ಯಾವುದೂ ಕಾಣುವುದಿಲ್ಲ. ಮರಕ್ಕೆ ಮೊದಲ ಬಾರಿ ವಿದ್ಯುತ್ ದೀಪ ಹಾಕಿದ್ದು 1882ರಲ್ಲಿ, ನ್ಯೂಯಾರ್ಕಿನಲ್ಲಿ. ಎಡಿಸನ್ ಅವರ ಜೊತೆಗಾರ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ಬಲ್ಬ್ ಹಾಕಿದ್ದರು. ಅಲ್ಲಿಯವರೆಗೆ ಮರದ ಮೇಲೆ ಉರಿಯುತ್ತಿದ್ದದ್ದು ನಿಜವಾದ ಮೇಣದಬತ್ತಿ. ಈಗ ಯಾರೂ ಅದನ್ನು ಪ್ರಯತ್ನಿಸಬೇಡಿ. ಮಲಗುವ ಮುಂಚೆ ಸ್ವಿಚ್ ಆರಿಸುವುದನ್ನು ಮಕ್ಕಳಿಗೆ ಒಪ್ಪಿಸಿ, ಅವರು ಮರೆಯುವುದಿಲ್ಲ.

ಥೀಮ್ 1: ಚನ್ನಪಟ್ಟಣದ ಮರ

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇರೆ ಯೋಚನೆಯೇ ಬೇಡ, ಇದನ್ನೇ ಮಾಡಿ. ಬಿದ್ದರೂ ಒಡೆಯುವುದಿಲ್ಲ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಅಲ್ಲಿನ ಗೊಂಬೆಗೆ ಹಿಂದಿನಿಂದ ಬಳಸುತ್ತಾ ಬಂದದ್ದು ಹಾಲೆ ಮರ. ಮೃದುವಾದ, ಬಿಳಿಯ ಮರ. ಕಡೆಯುವ ಯಂತ್ರದಲ್ಲಿ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಆ ಹೊಳಪು ದೀಪದ ಬೆಳಕನ್ನು ಗಾಜಿನ ಹಾಗೆ ಚುಚ್ಚುವಂತೆ ಎಸೆಯುವುದಿಲ್ಲ, ಮೆಲ್ಲಗೆ ಹಿಡಿದಿಟ್ಟುಕೊಳ್ಳುತ್ತದೆ. ಒಮ್ಮೆ ಹಾಕಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಏನೇನು ಬೇಕು? ಚಿಕ್ಕ ಬುಗುರಿ, ಗಂಟೆ, ಬಳೆ, ಮಣಿಸರ, ಕೀ ಬಂಚ್‌ಗೆಂದು ಮಾರುವ ಆನೆ, ಗಿಣಿ, ಗೊಂಬೆ. ಬುಗುರಿಯ ತಲೆಗೆ ಚಿಕ್ಕ ತಿರುಪು ಕೊಕ್ಕೆ ಚುಚ್ಚಿ ದಾರ ಹಾಕಿ. ಕೊಕ್ಕೆ ಹಾಕುವ ಮುಂಚೆ ಸೂಜಿಯಿಂದ ಗುರುತು ಮಾಡಿಕೊಂಡರೆ ಮರ ಸೀಳುವುದಿಲ್ಲ. ಬಳೆಗೆ ದಾರ ಕಟ್ಟಿದರೆ ಅದೇ ಒಂದು ತೂಗು. ದೊಡ್ಡ ಬಳೆಯೊಳಗೆ ಚಿಕ್ಕ ಗಂಟೆ ಇಳಿಬಿಟ್ಟರೆ ಇನ್ನೂ ಚೆಂದ.

ಈ ಗೊಂಬೆಗಳಲ್ಲೇ ಹಳದಿ, ಕೆಂಪು, ಹಸಿರು, ಕಿತ್ತಳೆ ಎಲ್ಲ ಇರುತ್ತದೆ. ಹಾಗಾಗಿ ಬೇರೆ ಯಾವುದರಲ್ಲೂ ಬಣ್ಣ ಸೇರಿಸಬಾರದು. ಮಿಂಚಿನ ಚೆಂಡು ಬೇಡ, ಮಿಂಚಿನ ತೋರಣವಂತೂ ಬೇಡವೇ ಬೇಡ. ಮಣಿಸರ ಉದ್ದಕ್ಕೂ ಸುತ್ತಬೇಕೆಂದರೆ 5 ಅಡಿ ಮರಕ್ಕೆ ಹತ್ತಿರ ಹತ್ತಿರ 14 ಮೀಟರ್ ಬೇಕಾಗುತ್ತದೆ, ಖರ್ಚು ಜಾಸ್ತಿ. ಅದರ ಬದಲು ಒಂದೊಂದು ಅಡಿಯ ತುಂಡು ಮಾಡಿ ಎರಡು ಕೊಂಬೆಯ ನಡುವೆ ಜೋಲಿ ಬಿಡಿ. ರಿಬ್ಬನ್ ಬೇಕಾದರೆ ಹರಿದ ರೇಷ್ಮೆ ಸೀರೆಯ ಜರಿ ಅಂಚು ಇದೆಯಲ್ಲ! ಒಂದೂವರೆ ಅಡಿಯ ತುಂಡುಗಳಾಗಿ ಕತ್ತರಿಸಿ ಕೊಂಬೆಯೊಳಗೆ ಸಿಕ್ಕಿಸಿ. ಹಳೇ ಜರಿಯ ಮಾಸಿದ ಬಂಗಾರ ಬಣ್ಣ ಅರಗಿನ ಹಳದಿಗೆ ಹೇಳಿ ಮಾಡಿಸಿದ ಜೋಡಿ.

ಬುಡಕ್ಕೆ ಇಳಕಲ್ ಸೀರೆಯ ಹಳೆಯ ಸೆರಗು ಸುತ್ತಿ. ಅದರ ಕೆಂಪು ಬಿಳಿ ಟೋಪ್ ತೆನಿ, ಅಂದರೆ ಸೆರಗಿನ ವಿನ್ಯಾಸ, ನೋಡಿದರೆ ಕ್ರಿಸ್‌ಮಸ್‌ಗೆಂದೇ ನೇಯ್ದ ಹಾಗಿರುತ್ತದೆ.

ಥೀಮ್ 2: ಕಾಫಿ ತೋಟದ ಮರ

ಇದು ವಾಸನೆಯ ಮರ. ಬಣ್ಣ ಎರಡೇ: ಹಣ್ಣಿನ ಕೆಂಪು, ಹುರಿದ ಬೀಜದ ಕಂದು. ತಾಜಾ ಕಾಫಿ ಹಣ್ಣು ಎರಡೇ ದಿನಕ್ಕೆ ಸೊರಗುತ್ತದೆ, ಅದಕ್ಕೆ ಕೆಂಪು ಮರದ ಮಣಿಗಳನ್ನು ಐದೈದರ ಗೊಂಚಲು ಕಟ್ಟಿ ಕೊಂಬೆಯ ಗೆಣ್ಣಿಗೆ ಅಂಟಿಸಿ. ಗಿಡದಲ್ಲಿ ಹಣ್ಣು ಬಿಡುವುದೂ ಹಾಗೇ ಅಲ್ವಾ, ಕೊಂಬೆಗೆ ಒತ್ತಿಕೊಂಡು. ಹಳೆಯ, ಬಣ್ಣ ಹೋದ ಚೆಂಡುಗಳಿದ್ದರೆ ಎಸೆಯಬೇಡಿ. ಗ್ಲೂ ಗನ್‌ನಿಂದ ಹುರಿದ ಬೀಜಗಳನ್ನು ಸಾಲಾಗಿ ಅಂಟಿಸಿ. ಒಂದು ಚೆಂಡಿಗೆ ಒಂದು ಗಂಟೆ ಹಿಡಿಯುತ್ತದೆ. ಆರು ಮಾಡಿದರೆ ಸಾಕು.

ಜೊತೆಗೆ ದಾಲ್ಚಿನ್ನಿ ಚಕ್ಕೆಯ ಕಟ್ಟು, ಚಕ್ರಮೊಗ್ಗು, ಒಣಗಿಸಿದ ಕಿತ್ತಳೆ ಬಿಲ್ಲೆ. ತೋಟದವರ ಮನೆಯಲ್ಲಿ ಕಾಫಿ ಜೊತೆ ಕಿತ್ತಳೆ ಇರುತ್ತದೆ, ಏಲಕ್ಕಿ ಮೆಣಸು ಇರುತ್ತದೆ. ಆ ಜೋಡಣೆ ನಾವು ಕಂಡುಹಿಡಿದದ್ದಲ್ಲ. ಆದರೆ ಬಿಲ್ಲೆಗೆ ಸಿಪ್ಪೆ ಸಡಿಲವಿರುವ ಕೊಡಗಿನ ಕಿತ್ತಳೆಗಿಂತ ಮೂಸಂಬಿ ಒಳ್ಳೆಯದು, ತೊಳೆ ಬಿಟ್ಟುಕೊಳ್ಳುವುದಿಲ್ಲ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ, ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಓವನ್ನಿನಲ್ಲಿ 100 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ, ನಡುವೆ ಮಗುಚಿ ಹಾಕುತ್ತಾ ಒಣಗಿಸಿ. ಅಂಟು ಉಳಿದರೆ ಇರುವೆ ಖಂಡಿತ ಬರುತ್ತದೆ. ಪೂರ್ತಿ ಗರಿಗರಿಯಾಗದೆ ಮರಕ್ಕೆ ಏರಿಸಬೇಡಿ.

ಬುಡಕ್ಕೆ ಕರಿ ಕಂಬಳಿ. ಬೇರೇನೂ ಬೇಡ.

ಥೀಮ್ 3: ಕಡಲ ಕರೆಯ ಮರ

ಬಿಳಿ, ಮರಳಿನ ಬಣ್ಣ, ಮತ್ತು ಹಂಚಿನ ಕೆಂಪು. ಕಡಲು ಎಂದ ಕೂಡಲೇ ಎಲ್ಲರೂ ನೀಲಿ ತರುತ್ತಾರೆ. ನಮ್ಮ ಕರಾವಳಿಯನ್ನು ಗುಡ್ಡದ ಮೇಲಿನಿಂದ ನೋಡಿದವರಿಗೆ ಗೊತ್ತು, ಅಲ್ಲಿ ಮೊದಲು ಕಾಣುವುದು ಹಂಚಿನ ಮಾಡುಗಳ ಕೆಂಪು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಬಣ್ಣ ಊರಿನದ್ದೇ ಆಯಿತು. ಹಾಗಾಗಿ ಚಿಕ್ಕ ಮಣ್ಣಿನ ಹಣತೆ, ಮಣ್ಣಿನ ಗಂಟೆಗಳನ್ನು ಬಣ್ಣ ಬಳಿಯದೆ ಹಾಗೇ ತೂಗುಹಾಕಿ.

ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಚಿಪ್ಪು ಎಸೆಯಬೇಡಿ. ಅಡುಗೆ ಸೋಡಾ ಹಾಕಿ ಕುದಿಸಿ, ಉಜ್ಜಿ, ಎರಡು ಬಿಸಿಲು ಕೊಡಿ. ವಾಸನೆ ಹೋಗುತ್ತದೆ. ಎರಡು ಚಿಪ್ಪನ್ನು ಬೆನ್ನಿಗೆ ಬೆನ್ನು ಅಂಟಿಸಿ ನಡುವೆ ತೆಂಗಿನ ನಾರಿನ ಹುರಿ ಇಡಿ. ಅಡಕೆ ಹಾಳೆಯ ತಟ್ಟೆಯಿಂದ ಕತ್ತರಿಯಲ್ಲಿ ನಕ್ಷತ್ರ ಕತ್ತರಿಸಬಹುದು. ಹಾಳೆಯನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿದರೆ ಸೀಳುವುದಿಲ್ಲ.

ಹಾಕುವ ಕ್ರಮ

ಯಾವ ಥೀಮಾದರೂ ಇದೊಂದೇ ಕ್ರಮ. ದೊಡ್ಡದು, ಭಾರದ್ದು ಮೊದಲು. ಅವು ಕೆಳಗೆ ಮತ್ತು ಒಳಗೆ, ಕಂಬಿಯ ಹತ್ತಿರ. ಮಧ್ಯಮ ಗಾತ್ರದವು ಕೊಂಬೆಯ ಅರ್ಧದಲ್ಲಿ. ಚಿಕ್ಕವು ತುದಿಗೆ ಮತ್ತು ಮೇಲಕ್ಕೆ. 5 ಅಡಿ ಮರಕ್ಕೆ ನಾನು ದೊಡ್ಡದು 12, ಮಧ್ಯಮ 20, ಚಿಕ್ಕದು 30 ಇಟ್ಟುಕೊಳ್ಳುತ್ತೇನೆ. ಗೆರೆ ಎಳೆದ ಹಾಗೆ ಸಾಲಾಗಿ ಬೇಡ, ಅಂಕುಡೊಂಕಾಗಿ ಬರಲಿ. ಹತ್ತು ಹಾಕಿದ ಮೇಲೊಮ್ಮೆ ಬಾಗಿಲ ಹತ್ತಿರ ಹೋಗಿ, ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಎಲ್ಲಿ ಕತ್ತಲು ಕಾಣುತ್ತದೋ ಅಲ್ಲಿ ಒಂದು ಕಡಿಮೆ ಇದೆ ಎಂದು ಅರ್ಥ.

ಒಂದು ಜಾಗ ಮಾತ್ರ ಬಿಟ್ಟುಕೊಳ್ಳಿ. ಪ್ರತಿ ಮನೆಯಲ್ಲೂ ಥೀಮಿಗೆ ಹೊಂದದ ಒಂದಿಷ್ಟು ಹಳೆಯ ಸಾಮಾನು ಇರುತ್ತದೆ. ಮಗು ಒಂದನೇ ಕ್ಲಾಸಿನಲ್ಲಿ ಮಾಡಿದ ಕಾಗದದ ದೇವದೂತ, ಅಜ್ಜಿ ಕೊಟ್ಟ ಗಾಜಿನ ಗಂಟೆ. ಅವನ್ನು ಹಿಂದುಗಡೆ ಗೋಡೆಯ ಕಡೆಗೆ ಸರಿಸುವವರನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಮನೆಯಲ್ಲಿ ಅಮ್ಮನ ಉಳಿದ ಒಂದೇ ಒಂದು ನೀಲಿ ಗಾಜಿನ ಚೆಂಡು ಪ್ರತಿವರ್ಷ ಎದುರಿಗೇ, ಕಣ್ಣಿನ ಎತ್ತರಕ್ಕೆ ಇರುತ್ತದೆ. ಕೆಂಪು ಕಂದು ಮರದ ನಡುವೆಯೂ ಅದು ನೀಲಿಯಾಗಿಯೇ ಇರುತ್ತದೆ. ಬಂದವರು ಮೊದಲು ಕೇಳುವುದೂ ಅದರ ಬಗ್ಗೆಯೇ.

ತುದಿಗೆ ನಕ್ಷತ್ರ. ಬಿದಿರು ಕಡ್ಡಿ, ಬಣ್ಣದ ತೆಳು ಕಾಗದ ಇದ್ದರೆ ಮನೆ ಮುಂದಿನ ದೊಡ್ಡ ನಕ್ಷತ್ರದ ಚಿಕ್ಕ ತಮ್ಮನನ್ನು ಮಕ್ಕಳೇ ಮಾಡುತ್ತಾರೆ. ಗೋದಲಿ ಇಡುವವರು ಮರದ ಬುಡದಲ್ಲಿ ಅದಕ್ಕೆ ಜಾಗ ಬಿಟ್ಟುಕೊಂಡೇ ಬಟ್ಟೆ ಹಾಸಿ. ಬಾಲಯೇಸುವನ್ನು ಮಲಗಿಸುವುದು 24ರ ರಾತ್ರಿಯೇ ಆದರೂ ಕೊಟ್ಟಿಗೆ, ಕುರಿ, ಕುರುಬರು ಮೊದಲೇ ಬರುತ್ತಾರಲ್ಲ. ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ತಟ್ಟೆ ಮರದ ಪಕ್ಕದ ಮೇಜಿನ ಮೇಲಿರಲಿ. ಕೆಳಗೆ ಇಟ್ಟರೆ ಇರುವೆಗೂ ನಾಯಿಗೂ ಹಬ್ಬ.

ಬಿಚ್ಚುವಾಗ

ಜನವರಿ 6, ಮೂರು ರಾಯರ ಹಬ್ಬದವರೆಗೆ ಮರ ಇಡುವುದು ವಾಡಿಕೆ. ಬಿಚ್ಚುವಾಗ ಹಾಕಿದ್ದರ ಉಲ್ಟಾ ಕ್ರಮ: ಚಿಕ್ಕದು ಮೊದಲು, ದೀಪ ಕೊನೆಗೆ. ಸೀರಿಯಲ್ ಸೆಟ್ಟನ್ನು ರಟ್ಟಿನ ತುಂಡಿಗೆ ಸುತ್ತಿಡಿ. ಚಿಕ್ಕ ಗಾಜಿನ ಚೆಂಡು, ಬುಗುರಿ, ಚಿಪ್ಪುಗಳಿಗೆ ಮೊಟ್ಟೆಯ ಟ್ರೇಗಿಂತ ಒಳ್ಳೆಯ ಡಬ್ಬವಿಲ್ಲ. ಚನ್ನಪಟ್ಟಣದ ಗೊಂಬೆಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಬಿಸಿಲು ತಾಗದ ಕಡೆ ಇಡಿ. ಅರಗಿಗೆ ಬಿಸಿ ಆಗುವುದಿಲ್ಲ. ಕಿತ್ತಳೆ ಬಿಲ್ಲೆ ಮುಂದಿನ ವರ್ಷಕ್ಕೆ ಉಳಿಯುವುದಿಲ್ಲ, ಗೊಬ್ಬರದ ಕುಂಡಕ್ಕೆ ಹಾಕಿ. ದಾಲ್ಚಿನ್ನಿ ಮತ್ತು ಚಕ್ರಮೊಗ್ಗನ್ನು ಅದೇ ಡಬ್ಬದಲ್ಲಿ ಬಿಡಿ. ಮುಂದಿನ ಡಿಸೆಂಬರಿನಲ್ಲಿ ಮುಚ್ಚಳ ತೆಗೆದ ಕೂಡಲೇ ಮೊದಲು ವಾಸನೆ ಬರುತ್ತದೆ, ಆಮೇಲೆ ಗೊಂಬೆಗಳು ಕಾಣುತ್ತವೆ.