ರೌಂಡ್ ಅನ್ನೋ ಒಂದೇ ಪದ ಇಟ್ಕೊಂಡು ಪಾರ್ಟ್ಸ್ ಆಫ್ ಸ್ಪೀಚ್ ಕಲಿಸಿದ್ದು

ಕನ್ನಡ ಮೀಡಿಯಂ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್ ಹೇಳ್ಕೊಡ್ತೀನಿ. ವಾಟರ್ ಅಂದ್ರೆ ನೌನ್, ರನ್ ಅಂದ್ರೆ ವರ್ಬ್ ಅಂತ ಬಾಯಿಪಾಠ ಮಾಡ್ಕೊಂಡೇ ಬಂದಿರ್ತಾರೆ, ಬೋರ್ಡ್ ಮೇಲೆ ‘ಶಿ ವಾಟರ್ಸ್ ದ ಪ್ಲಾಂಟ್ಸ್’ ಅಂತ ಬರೆದ ತಕ್ಷಣ ಇದೇನ್ ಮಿಸ್ ನೀರುಗಳಾ ಅಂತಾರೆ. ಕೇಳೋದ್ರಲ್ಲಿ ನ್ಯಾಯ ಇದೆ, ನೌನ್‌ಗೆ ಎಸ್ ಸೇರಿದ್ರೆ ಬಹುವಚನ, ಅದೇ ಎಸ್ ವರ್ಬ್‌ಗೆ ಸೇರಿದ್ರೆ ಏಕವಚನ.

ನಾನು ಕನ್ನಡದಿಂದಲೇ ಶುರು ಮಾಡ್ತೀನಿ. ‘ಒಂದು ಹಾಡು ಹಾಡು’ ಅಂದ್ರೆ ಯಾವ ಮಗುವೂ ತಡವರಿಸಲ್ಲ. ಹಾಡನ್ನು, ಹಾಡಿಗೆ ಅಂದ್ರೆ ನಾಮಪದ, ಹಾಡಿದಳು, ಹಾಡ್ತಾಳೆ ಅಂದ್ರೆ ಕ್ರಿಯಾಪದ, ಪ್ರತ್ಯಯನೇ ಹೇಳಿಬಿಡುತ್ತೆ. ಇಂಗ್ಲಿಷಲ್ಲೂ ಸಾವಿರ ವರ್ಷದ ಹಿಂದೆ ಹಿಂಗೇ ಇತ್ತು, ಪ್ರೀತಿಗೆ ಲುವು, ಪ್ರೀತಿಸೋದಕ್ಕೆ ಲುವಿಯನ್, ಆಮೇಲೆ ಬಾಲದ ಅಕ್ಷರಗಳು ಸವೆದು ಸವೆದು ಎರಡೂ ಲವ್ ಆಗಿ ಕೂತ್ವು. ಪ್ರತ್ಯಯ ಹೋದ್ಮೇಲೆ ಅದರ ಕೆಲಸಾನ ಹೆಚ್ಚಾಗಿ ವಾಕ್ಯದಲ್ಲಿನ ಜಾಗವೇ ಮಾಡ್ಬೇಕಾಯ್ತು. ಇಷ್ಟು ಹೇಳಿದ್ರೆ ಮಕ್ಕಳಿಗೆ ಇಂಗ್ಲಿಷ್ ಮೇಲಿನ ಅರ್ಧ ಭಯ ಹೋಗುತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ.

ಆಮೇಲೆ ರೌಂಡ್ ತಗೋತೀನಿ. ಅರ್ಥ ಹೇಳಲ್ಲ, ಅಕ್ಕಪಕ್ಕದ ಪದ ನೋಡಿ ಅಂತೀನಿ ಅಷ್ಟೇ. ‘ಅ ರೌಂಡ್ ಟೇಬಲ್’, ಮುಂದೆ ಟೇಬಲ್ ಅನ್ನೋ ನೌನ್ ಇದೆ, ಅದು ಹೆಂಗಿದೆ ಅಂತ ಹೇಳ್ತಿದೆ, ಹಾಗಾಗಿ ಅಡ್ಜೆಕ್ಟಿವ್. ‘ವಿ ವನ್ ದ ಫಸ್ಟ್ ರೌಂಡ್’ ಅಂದಾಗ ಹಿಂದೆ ದ ಫಸ್ಟ್ ಇದೆ, ಮುಂದೆ ಏನೂ ಇಲ್ಲ, ನೌನ್. ‘ದ ಬಸ್ ರೌಂಡೆಡ್ ದ ಬೆಂಡ್’, ಪದದ ಕೊನೆಗೆ ‘ed’ ಸೇರಿದೆ, ಬಸ್ಸೇ ಆ ಕೆಲಸ ಮಾಡಿದೆ, ವರ್ಬ್. ನಿಜವಾಗ್ಲೂ ಕಷ್ಟ ಬರೋದು ‘ರೌಂಡ್ ದ ಕಾರ್ನರ್’ ಮತ್ತೆ ‘ಟರ್ನ್ ರೌಂಡ್’ ಮಧ್ಯೆ, ಅಲ್ಲಿ ಒಂದೇ ಪ್ರಶ್ನೆ ಕೇಳಿಸ್ತೀನಿ, ಯಾವುದರ ಸುತ್ತ? ಉತ್ತರ ಪಕ್ಕದಲ್ಲೇ ಇದ್ರೆ ಪ್ರಿಪೊಸಿಷನ್, ಇಲ್ದಿದ್ರೆ ಅಡ್ವರ್ಬ್. ದಟ್ ಅನ್ನೋದೂ ಹಿಂಗೇ ಹಲವು ಕೆಲಸ ಮಾಡೋ ಪದ, ಅದನ್ನ ಮಾತ್ರ ಕೊನೆಗೆ ಇಟ್ಕೋತೀನಿ, ಶುರುವಲ್ಲೇ ಬಂದ್ರೆ ಮಕ್ಕಳು ಸುಸ್ತಾಗ್ತಾರೆ.

ಬರಹದಲ್ಲಿ ಕಾಣದೇ ಇರೋದು ಉಚ್ಚಾರಣೆ. ಕೆಲವು ಪದಗಳಲ್ಲಿ ನೌನ್‌ಗೆ ಒತ್ತು ಮೊದಲ ಭಾಗಕ್ಕೆ, ವರ್ಬ್‌ಗೆ ಎರಡನೇದಕ್ಕೆ: ನೌನ್ ಆದ್ರೆ ರೆಕಾರ್ಡ್, ವರ್ಬ್ ಆದ್ರೆ ರಿಕಾರ್ಡ್, ಹಂಗೇ ಪರ್ಮಿಟ್, ಆಬ್ಜೆಕ್ಟ್. ಆದ್ರೆ ಆನ್ಸರ್, ರಿಪೋರ್ಟ್ ಬದಲಾಗಲ್ಲ. ನಾವು ಕನ್ನಡದಲ್ಲಿ ‘ರೆಕಾರ್ಡ್ ಮಾಡು’ ಅಂತ ನೌನ್‌ಗೇ ಮಾಡು ಸೇರಿಸಿ ಮಾತಾಡ್ತೀವಿ, ಅದಕ್ಕೇ ನಮ್ಮ ಮಕ್ಕಳ ಬಾಯಲ್ಲಿ ವರ್ಬ್ ಕೂಡ ರೆಕಾರ್ಡ್ ಅಂತ್ಲೇ ಬರುತ್ತೆ. ಇದಕ್ಕೆ ರೂಲ್ ಬರೆಸೋದು ಬಿಟ್ಟಿದೀನಿ, ಎರಡೂ ಇರೋ ಒಂದು ವಾಕ್ಯ ಕೊಟ್ಟು ದಿನಾ ಜೋರಾಗಿ ಓದಿಸ್ತೀನಿ.