ರಸ್ತೆಯ ಗುರುತು ನಕ್ಷೆಯಿಂದ ನಕ್ಷೆಗೆ: ಓಪನ್‌ಎಲ್‌ಆರ್ ಕಲಿಯುವುದು ಹೇಗೆ?

ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿ ವಾಹನಗಳು ಸಾಲುಗಟ್ಟಿ ನಿಂತಿವೆ ಎಂಬ ಮಾಹಿತಿಯನ್ನು ಒಂದು ಡಿಜಿಟಲ್ ನಕ್ಷೆಯಿಂದ ಇನ್ನೊಂದಕ್ಕೆ ದಾಟಿಸುವುದು ಸುಲಭವೆಂದು ತೋರಬಹುದು. ಆದರೆ ಒಂದೇ ರಸ್ತೆಯನ್ನು ಎರಡು ನಕ್ಷೆಗಳು ಬೇರೆ ಬೇರೆ ತುಂಡುಗಳಾಗಿ ಒಡೆದು ಬೇರೆ ಬೇರೆ ಸಂಖ್ಯೆ ಕೊಟ್ಟಿರುತ್ತವೆ. ಎರಡರ ಗೆರೆಗಳೂ ಕೆಲವು ಮೀಟರ್ ಅತ್ತಿತ್ತ ಸರಿದಿರುತ್ತವೆ. ಈ ತೊಡಕನ್ನು ಬಿಡಿಸಲು ಡಿಜಿಟಲ್ ನಕ್ಷೆ ತಯಾರಿಸುವ ಟಾಮ್‌ಟಾಮ್ ಸಂಸ್ಥೆ 2009ರಲ್ಲಿ ಹೊರತಂದ, ರಾಯಧನವಿಲ್ಲದೆ ಬಳಸಬಹುದಾದ ಮುಕ್ತ ಮಾನಕವೇ ಓಪನ್‌ಎಲ್‌ಆರ್.

ಇದರ ಕಲಿಕೆಯನ್ನು ಕೋಡ್‌ನಿಂದ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಮಾನಕದ ಶ್ವೇತಪತ್ರವನ್ನು (ಅದನ್ನು ವಿವರಿಸುವ ದಾಖಲೆಯನ್ನು) ಉಚಿತವಾಗಿ ಇಳಿಸಿಕೊಂಡು, ಅದರಲ್ಲಿ ದತ್ತಾಂಶದ ಸ್ವರೂಪವನ್ನೂ ನಿಯಮಗಳನ್ನೂ ವಿವರಿಸುವ ಭಾಗಗಳನ್ನಷ್ಟೇ ಓದಿ. ಬೈಟ್‌ಗಳ, ಅಂದರೆ ಅದನ್ನೆಲ್ಲ ಕಂಪ್ಯೂಟರಿನ ಸಂಕೇತಕ್ಕೆ ಇಳಿಸುವ ಅಧ್ಯಾಯ ಆಮೇಲೆ.

ಎರಡನೆಯ ಹೆಜ್ಜೆಗೆ ಬೇಕಾದದ್ದು ಕಾಗದ, ಪೆನ್ಸಿಲ್. ಸಿಲ್ಕ್ ಬೋರ್ಡ್‌ನಿಂದ ಅಗರದ ಕಡೆಗಿನ ಹೊರವರ್ತುಲ ರಸ್ತೆಯನ್ನು ಬರೆದುಕೊಂಡು, ಆರಂಭ ಮತ್ತು ಕೊನೆಯ ಕೂಡುರಸ್ತೆಗಳಲ್ಲಿ ಒಂದೊಂದು ಉಲ್ಲೇಖ ಬಿಂದು ಇಡಿ. ಪ್ರತಿ ಬಿಂದುವಿಗೂ ಅಕ್ಷಾಂಶ, ರೇಖಾಂಶ, 0ರಿಂದ (ಅತಿ ಮುಖ್ಯ) 7ರವರೆಗಿನ ರಸ್ತೆ ದರ್ಜೆ, ರಸ್ತೆಯ ರೂಪ (ಹೆದ್ದಾರಿ, ವೃತ್ತ ಇತ್ಯಾದಿ) ಮತ್ತು ದಿಕ್ಕು ಬರೆಯಬೇಕು. ಕೊನೆಯದನ್ನು ಬಿಟ್ಟು ಉಳಿದವಕ್ಕೆ ಮುಂದಿನ ಬಿಂದುವಿನವರೆಗಿನ ದೂರವೂ ಬೇಕು, ಅದು 15 ಕಿಲೋಮೀಟರ್ ಮೀರಬಾರದು. ಮಾನಕದ ಜೀವಾಳ ಇಲ್ಲಿದೆ: ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ನೀವು ಉದ್ದೇಶಿಸಿದ ರಸ್ತೆಯೇ ಆಗಿರಬೇಕು, ಅಲ್ಲದಿದ್ದರೆ ನಡುವೆ ಇನ್ನೊಂದು ಬಿಂದು ಸೇರಿಸಬೇಕು. ಮುಖ್ಯರಸ್ತೆಯ ಮಗ್ಗುಲಲ್ಲೇ ಸರ್ವಿಸ್ ರಸ್ತೆ ಓಡುವ ನಮ್ಮ ಊರಿನಲ್ಲಿ ಈ ನಿಯಮದ ಬೆಲೆ ಬೇಗ ಅರ್ಥವಾಗುತ್ತದೆ. ರಾಗಿಗುಡ್ಡ–ಸಿಲ್ಕ್ ಬೋರ್ಡ್ ನಡುವಿನ ಡಬಲ್ ಡೆಕ್ಕರ್ ಮೇಲ್ಸೇತುವೆಯಂತೂ ಇನ್ನೂ ಒಳ್ಳೆಯ ಪಾಠ. ಮೇಲಿನ ದಾರಿಗೂ ಕೆಳಗಿನ ದಾರಿಗೂ ಅಕ್ಷಾಂಶ, ರೇಖಾಂಶ ಬಹುಪಾಲು ಒಂದೇ.

ದಿಕ್ಕಿನ ವಿಷಯದಲ್ಲಿ ಹೊಸಬರು ಎಡವುವುದುಂಟು. ಬಿಂದುವಿನಿಂದ ರಸ್ತೆಯುದ್ದಕ್ಕೂ 20 ಮೀಟರ್ ಮುಂದಿನ ಸ್ಥಳಕ್ಕೆ ಉತ್ತರದಿಂದ ಅಳೆದ ಕೋನವನ್ನು, ತಲಾ 11.25 ಡಿಗ್ರಿಯ 32 ಭಾಗಗಳಲ್ಲಿ ಒಂದಾಗಿ ದಾಖಲಿಸಲಾಗುತ್ತದೆ. ಕೊನೆಯ ಬಿಂದುವಿನಲ್ಲಿ ಮಾತ್ರ ಬಂದ ದಾರಿಯತ್ತ ಹಿಂದಿರುಗಿ ಅಳೆಯಬೇಕು.

ಈಗ ಬೈಟ್‌ಗಳಿಗೆ ಬನ್ನಿ. ಎರಡೇ ಬಿಂದುಗಳ ಸರಳ ರಸ್ತೆಗೆ ಶಿರೋಭಾಗ 1, ಮೊದಲ ಬಿಂದು 9, ಕೊನೆಯದು 6, ಒಟ್ಟು 16 ಬೈಟ್ ಸಾಕು. ಇದನ್ನು ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ಬೇಸ್ 64ಕ್ಕೆ, ಅಂದರೆ ಬೈಟ್‌ಗಳನ್ನು ಅಕ್ಷರ, ಅಂಕಿಗಳಲ್ಲಿ ಬರೆಯುವ ರೂಪಕ್ಕೆ, ಪರಿವರ್ತಿಸಿ. ಬೆಂಗಳೂರಿನ ರೇಖಾಂಶ 77.6ರ ಆಸುಪಾಸಿನಲ್ಲಿರುವುದರಿಂದ, ಮೂರನೆಯ ಆವೃತ್ತಿಯ ಬೈನರಿ ರೂಪದಲ್ಲಿ ಇಲ್ಲಿಂದ ಹೊರಡುವ ಇಂಥ ರಸ್ತೆಯ ಸಂಕೇತ ಇಂಗ್ಲಿಷಿನ ದೊಡ್ಡ ‘ಸಿ’, ಚಿಕ್ಕ ‘ಝಡ್’ ಅಕ್ಷರಗಳಿಂದ ಆರಂಭವಾಗಬೇಕು. ಆಗದಿದ್ದರೆ ಲೆಕ್ಕ ತಪ್ಪಿದೆ.

ಇಷ್ಟಾದ ಮೇಲೆ ಅಪಾಚೆ 2.0 ಪರವಾನಗಿಯಲ್ಲಿ ಸಿಗುವ ಜಾವಾ ಮಾದರಿ ಕೋಡ್ ತೆರೆಯಿರಿ. ಪೈಥಾನ್ ಬಲ್ಲವರಿಗೆ ಅದರಲ್ಲೂ ಲೈಬ್ರರಿಗಳಿವೆ. ಸ್ವಯಂಸೇವಕರು ರೂಪಿಸುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ನಗರದ ದತ್ತಾಂಶವನ್ನು ಬಳಸುವುದಾದರೆ, ಅದರ ರಸ್ತೆ ವರ್ಗಗಳನ್ನು ಮಾನಕದ ದರ್ಜೆಗಳಿಗೆ ಹೊಂದಿಸುವ ಕೆಲಸ ನಿಮ್ಮದೇ. ಕೆಲವು ವರ್ಷ ಹಳೆಯ ದತ್ತಾಂಶದಲ್ಲಿ ಒಂದು ರಸ್ತೆಯನ್ನು ಎನ್‌ಕೋಡ್ ಮಾಡಿ (ಸಂಕೇತಕ್ಕೆ ಇಳಿಸಿ), ಇಂದಿನದರಲ್ಲಿ ಡಿಕೋಡ್ ಮಾಡಿ (ಸಂಕೇತದಿಂದ ರಸ್ತೆಯನ್ನು ಹುಡುಕಿ) ನೋಡಿ. ಉತ್ತರ ಬೇರೆ ರಸ್ತೆಗೆ ಹೋದಲ್ಲಿ, ಪ್ರೋಗ್ರಾಂ ಯಾವ ರಸ್ತೆಗಳನ್ನು ಪರಿಶೀಲಿಸಿ ಕೈಬಿಟ್ಟಿತು ಎಂಬುದನ್ನು ನಿಮ್ಮ ಪೆನ್ಸಿಲ್ ಚಿತ್ರದ ಪಕ್ಕದಲ್ಲಿಟ್ಟು ಒಂದೊಂದಾಗಿ ಹೋಲಿಸಿ.